ಡ್ರೈವರನಿಗೆ ಗೊತ್ತಿತ್ತೇ? ಕನ್ನಡದಲ್ಲಿ ಕೇಳಿ!



ಲಾರಿಯೊಳಗೆ ಬಚ್ಚಿಟ್ಟಿದ್ದ ಜನ ಸಿಕ್ಕರು ಎಂದು ಸುದ್ದಿ ಬಂದ ದಿನ ಪೊಲೀಸರ ಕೈಗೆ ಮೊದಲು ಸಿಗುವವನು ಯಾರು? ಡ್ರೈವರ್! ಜನರನ್ನು ಹತ್ತಿಸಿದ ಏಜೆಂಟ್ ಅಷ್ಟು ಹೊತ್ತಿಗೆ ಮೊಬೈಲ್ ಬಂದ್ ಮಾಡಿಕೊಂಡಿರುತ್ತಾನೆ. ಲಾರಿ ಮಾಲೀಕ ‘ಬಾಡಿಗೆಗೆ ಬಿಟ್ಟಿದ್ದೆ, ನನಗೇನೂ ಗೊತ್ತಿಲ್ಲ’ ಎನ್ನುತ್ತಾನೆ. ಹಾಗಾದರೆ ಡ್ರೈವರನಿಗೆ ಗೊತ್ತಿತ್ತೇ? ಕೇಸು ನಿಲ್ಲುವುದೂ ಬೀಳುವುದೂ ಈ ಒಂದು ಪ್ರಶ್ನೆಯ ಮೇಲೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರು ಅಡಿಕೆ ಲೋಡು ಹೇರಿಕೊಂಡು ಗುಜರಾತ್, ದಿಲ್ಲಿ ಕಡೆಗೆಲ್ಲ ಹೋಗುತ್ತಾರೆ. ನಾಳೆ ದೂರದ ಯಾವುದೋ ಠಾಣೆಯಲ್ಲಿ ಈ ಪ್ರಶ್ನೆ ಅವರ ಮುಂದೆ ಬಂದರೆ, ಅದು ಯಾವ ಭಾಷೆಯಲ್ಲಿ ಬರುತ್ತದೆ ಸ್ವಾಮಿ?

‘ನಮ್ಮ ಹುಡುಗ, ಪಾಪ, ನಿರಪರಾಧಿ’ ಎಂದು ಕಣ್ಣುಮುಚ್ಚಿ ಕೂಗಿ ಎಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 2019ರ ಅಕ್ಟೋಬರ್ 23ರಂದು ಒಂದು ಲಾರಿಯ ಕಂಟೇನರ್ ತೆರೆದಾಗ 39 ಹೆಣಗಳು ಸಿಕ್ಕವು. ಎಲ್ಲರೂ ವಿಯೆಟ್ನಾಮಿನವರು. ಅವರಲ್ಲಿ ಇಬ್ಬರು 15 ವರ್ಷದ ಹುಡುಗರು. ಉಸಿರುಕಟ್ಟಿ ಸತ್ತಿದ್ದರು. ಡ್ರೈವರ್ ಮಾರಿಸ್ ರಾಬಿನ್ಸನ್, ಉತ್ತರ ಐರ್ಲೆಂಡಿನ 25ರ ಯುವಕ. ಪರಿಚಯದವರು ಅವನಿಗೇನೂ ಗೊತ್ತಿರಲಿಕ್ಕಿಲ್ಲ ಎಂದರು. ಆಮೇಲೆ ಮೊಬೈಲ್ ಮಾತಾಡಿತು. ‘ಬೇಗ ಗಾಳಿ ಕೊಡು, ಹೊರಗೆ ಬಿಡಬೇಡ’ ಎಂದು ಸಾರಿಗೆ ಧಣಿ ರೋನನ್ ಹ್ಯೂಸ್ ಬರೆದಿದ್ದ. ಡ್ರೈವರ್ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿ ಒಪ್ಪಿಕೊಂಡಿದ್ದ. ಹೆಣ ಕಂಡ ಮೇಲೂ ಅವನು ಮೊದಲು ಫೋನು ಮಾಡಿದ್ದು ಧಣಿಗೆ, ಆಂಬುಲೆನ್ಸಿಗೆ ಆಮೇಲೆ. 2021ರ ಜನವರಿಯಲ್ಲಿ ಡ್ರೈವರನಿಗೆ 13 ವರ್ಷ 4 ತಿಂಗಳು, ಹ್ಯೂಸ್‌ಗೆ 20 ವರ್ಷ, ಜಾಲ ಕಟ್ಟಿದ ಗೆಯೋರ್ಗೆ ನಿಕಾ ಎಂಬವನಿಗೆ 27 ವರ್ಷ ಜೈಲಾಯಿತು. ಆಗಲೇಬೇಕಿತ್ತು. ಆದರೆ ಗಮನಿಸಿ: ಡ್ರೈವರನಿಗೆ ಕೇಳಿದ ಒಂದೊಂದು ಪ್ರಶ್ನೆಯೂ ಅವನ ಮನೆಮಾತಿನಲ್ಲೇ ಇತ್ತು. ನನಗೆ ತಿಳಿಯಲಿಲ್ಲ ಎಂದು ಹೇಳಲು ಅವನಿಗೆ ದಾರಿಯೇ ಇರಲಿಲ್ಲ.

ಈಗ ನಮ್ಮ ಕಾನೂನಿಗೆ ಬನ್ನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಮಾನವ ಕಳ್ಳಸಾಗಣೆಯದು. ಶೋಷಣೆಗಾಗಿ, ಬೆದರಿಸಿ ಅಥವಾ ಮೋಸಮಾಡಿ ಅಥವಾ ಆಮಿಷ ತೋರಿಸಿ ಜನರನ್ನು ‘ಸಾಗಿಸುವವನು’ ಕೂಡ ಅಪರಾಧಿ. ಒಬ್ಬರಿಗಿಂತ ಹೆಚ್ಚು ಜನರಾದರೆ ಕನಿಷ್ಠ 10 ವರ್ಷ, ಮೇಲೆ ಜೀವಾವಧಿ. ‘ಶೋಷಣೆಗಾಗಿ’ ಎಂಬ ಆ ಒಂದು ಪದ ಇದೆಯಲ್ಲ, ಡ್ರೈವರನ ತಲೆ ಉಳಿಯುವುದೂ ಉರುಳುವುದೂ ಅಲ್ಲೇ.

ಯಾಕೆಂದರೆ ನಮ್ಮ ದೇಶದಲ್ಲಿ ಸರಕಿನ ಲಾರಿಯಲ್ಲಿ ಜನ ಹೋಗುವುದು ದಿನನಿತ್ಯದ ಸಂಗತಿ. 2025ರ ಜನವರಿ 22ರಂದು ನಮ್ಮ ಯಲ್ಲಾಪುರದ ಅರೆಬೈಲು ಘಟ್ಟದಲ್ಲಿ ಏನಾಯಿತು? ಸವಣೂರಿನಿಂದ ಕುಮಟೆ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟ ಲಾರಿ ಉರುಳಿ ಕನಿಷ್ಠ 10 ಬಡ ವ್ಯಾಪಾರಿಗಳು ಸತ್ತರು. ಸರಕಿನ ಮೇಲೆಯೇ ಕೂತಿದ್ದರು. 2020ರ ಲಾಕ್‌ಡೌನಿನಲ್ಲಿ, ಮೇ 2ರಂದು, ಇಂದೋರ್ ಹತ್ತಿರ ಕಾಂಕ್ರೀಟ್ ಕಲಸುವ ಲಾರಿಯ ಉರುಟು ಟ್ಯಾಂಕಿನೊಳಗಿಂದ 18 ಕೂಲಿಗಳನ್ನು ಪೊಲೀಸರು ಹೊರಗೆಳೆದರು. ಮಹಾರಾಷ್ಟ್ರದಿಂದ ಲಕ್ನೋಗೆ, ಅಂದರೆ ಮನೆಗೆ ಹೊರಟವರು! ಜನರನ್ನು ಬಚ್ಚಿಟ್ಟು ಸಾಗಿಸಿದ್ದು ನಿಜ, ಕೇಸೂ ಆಯಿತು. ಅದನ್ನೂ ಎಸೆಕ್ಸ್‌ನ ಕಂಟೇನರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತದೆಯೇ? ಎರಡರ ನಡುವಿನ ವ್ಯತ್ಯಾಸ ಡ್ರೈವರನ ಬಾಯಿಂದ ಬರಬೇಕು. ಹಿಂದಿಯಲ್ಲಿ ಗದರಿಸಿದರೆ ‘ಹಾಂ ಸಾಬ್’ ಎನ್ನುವಷ್ಟೇ ಕಲಿತ ನಮ್ಮ ಹುಡುಗ ಏನು ಹೇಳಿಯಾನು? ಹೌದು ಎಂದದ್ದು ಯಾವುದಕ್ಕೆ ಎಂದು ಅವನಿಗೇ ತಿಳಿದಿರುವುದಿಲ್ಲ.

ನಾನು ಪ್ರೆಸ್ಸು ನಡೆಸುವವನು. ಬಿಲ್ಟಿ ಪುಸ್ತಕ ಎಷ್ಟು ಅಚ್ಚುಹಾಕಿದ್ದೇನೋ ಲೆಕ್ಕವಿಲ್ಲ. ಎಲ್ಲದರ ಕೆಳಗೂ ‘ಚಾಲಕನ ಸಹಿ’ ಎಂದು ಒಂದು ಗೆರೆ. ಓದಿ ಸಹಿ ಹಾಕಿದ ಚಾಲಕನನ್ನು ನಾನಂತೂ ಕಂಡಿಲ್ಲ. ಬಿಲ್ಟಿಯಲ್ಲಾದರೆ ಹೋದರೆ ಎರಡು ಮೂಟೆ. ಠಾಣೆಯ ಕಾಗದದಲ್ಲಿ ಹೋಗುವುದು ಹತ್ತು ವರ್ಷ.

ಇದು ಭಿಕ್ಷೆ ಕೇಳುವ ಮಾತಲ್ಲ. ಬಂಧಿಸಿದ ಕಾರಣ ತಿಳಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. 1962ರಲ್ಲೇ ಹರಿಕಿಷನ್ ಎಂಬವರ ಕೇಸಿನಲ್ಲಿ, ಹಿಂದಿ ಮಾತ್ರ ಬಲ್ಲವನಿಗೆ ಇಂಗ್ಲಿಷ್ ಕಾಗದ ಕೊಟ್ಟು ಬಂಧನದಲ್ಲಿಟ್ಟದ್ದು ಸಲ್ಲದು ಎಂದು ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಆಮೇಲೆ ಕಳ್ಳಸಾಗಣೆ ಆರೋಪದ ಗುಜರಾತಿಯೊಬ್ಬರ ಕೇಸು. ‘ಗುಜರಾತಿಯಲ್ಲಿ ಬಾಯಿಮಾತಲ್ಲಿ ಹೇಳಿದ್ದೇವೆ’ ಎಂದರು ಪೊಲೀಸರು. ಸಾಲದು, ಬರೆದು ಕೊಡಬೇಕು ಎಂದಿತು ಕೋರ್ಟು. ಅವೆರಡೂ ವಿಚಾರಣೆಯಿಲ್ಲದೆ ಮುಂಜಾಗ್ರತೆಯಾಗಿ ಹಿಡಿದಿಟ್ಟ ಕೇಸುಗಳು. 2025ರ ನವೆಂಬರ್ 6ರಂದು, ಮುಂಬಯಿ ವರ್ಲಿಯ ಕಾರು ಅಪಘಾತದ ಕೇಸಿನಲ್ಲಿ, ಎಲ್ಲ ಅಪರಾಧಗಳಿಗೂ ಇದೇ ನಿಯಮ ಎಂದು ತೀರ್ಪಾಯಿತು. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ತಕ್ಷಣ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು. ಕೊಡದಿದ್ದರೆ ಬಂಧನವೇ ಕಾನೂನುಬಾಹಿರ!

ಒಂದು ಮಾತು ನಮ್ಮವರಿಗೂ. ಒಡಿಶಾದ ಡ್ರೈವರ್ ನಮ್ಮ ಕಡೆಯ ಠಾಣೆಯಲ್ಲಿ ಸಿಕ್ಕಿಬಿದ್ದರೆ ಅವನಿಗೆ ಒಡಿಯಾದಲ್ಲೇ ಬರೆದು ಕೊಡಬೇಕು. ‘ಕರ್ನಾಟಕಕ್ಕೆ ಬಂದಿದ್ದೀಯ, ಕನ್ನಡ ಕಲಿ’ ಎನ್ನುವ ಜಾಗ ಲಾಕಪ್ ಅಲ್ಲ. ಈ ಮಾತಿಗೆ ಕೆಲವು ಗೆಳೆಯರು ಮುನಿಸಿಕೊಂಡಾರು, ಮುನಿಸಿಕೊಳ್ಳಲಿ.

ನನ್ನ ಪ್ರೆಸ್ಸಿನಲ್ಲಿ ಒಂದು ಚೀಟಿ ಅಚ್ಚುಹಾಕುತ್ತಿದ್ದೇನೆ. ಲೈಸೆನ್ಸಿನ ಜೊತೆ ಇಡುವಷ್ಟು ಸಣ್ಣದು. ‘ನನಗೆ ಕನ್ನಡ ಮಾತ್ರ ಓದಲು ಬರುತ್ತದೆ. ಬಂಧನದ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದಿಲ್ಲ.’ ಇದೇ ಮಾತು ಕೆಳಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಲಾರಿ ಮಾಲೀಕರು, ಡ್ರೈವರುಗಳು ಹೆಗಡೆಕಟ್ಟಾಕ್ಕೆ ಬಂದು ಒಯ್ಯಿರಿ. ದುಡ್ಡು ಬೇಡ. ಲೋಡು ಹತ್ತಿಸುವ ಹಮಾಲರ ಕೈಯಲ್ಲೂ ನಾಲ್ಕು ಕೊಟ್ಟಿರಿ, ಹೊಸ ಡ್ರೈವರುಗಳ ಗುರುತು ಮೊದಲು ಸಿಗುವುದು ಅವರಿಗೇ.