ಡೋಲು ಬಾರಿಸಿದರೆ ಕಲೆ, ಜಾಗ ಕೇಳಿದರೆ ರಾಜಕೀಯ?

ತಾಳಮದ್ದಲೆ ಕೇಳಿದ್ದೀರಾ? ವೇಷ ಇಲ್ಲ, ಬಣ್ಣ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಎದುರು ಬದುರು ಕೂತ ಅರ್ಥಧಾರಿಗಳು ಮಾತಿಗೆ ಇಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ, ಎಲ್ಲ ಅಲ್ಲೇ ಹುಟ್ಟಬೇಕು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ ಸ್ವಾಮಿ? ದೇವರೇ ಆದರೂ ರಾಮ ಉತ್ತರ ಕೊಡಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಇಂಥ ಮಾತಿನಿಂದಲೇ ಹೆಸರಾದವರು. ಅಂದರೆ ದೊಡ್ಡವರನ್ನು ಎದುರು ಕೂರಿಸಿ ಪ್ರಶ್ನೆ ಕೇಳುವುದು, ಅದನ್ನು ಊರೆಲ್ಲ ಕೂತು ಕೇಳುವುದು ನಮ್ಮ ಕರಾವಳಿಗೆ ಹೊಸತಲ್ಲ.

ಈ ಕಲೆ ರೇಡಿಯೋಗೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಇಲ್ಲಿ ನೋಡಲಿಕ್ಕೆ ಏನೂ ಇಲ್ಲ, ಕೇಳಲಿಕ್ಕೆ ಮಾತ್ರ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ತಾಳಮದ್ದಲೆಯನ್ನು ಮನೆಮನೆಗೆ ತಲುಪಿಸಿತು. ಅದರ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಇರುವುದು ನಮ್ಮ ಬ್ರಹ್ಮಾವರದಲ್ಲಿ. ಈಗ ಇನ್ನೂ ಹತ್ತಿರಕ್ಕೆ, ಮಣಿಪಾಲದಲ್ಲೇ, ಮಾಹೆಯ ಸಮುದಾಯ ಬಾನುಲಿ ‘ರೇಡಿಯೋ ಮಣಿಪಾಲ್’ 90.4ರಲ್ಲಿದೆ.

ಸಮುದಾಯ ಬಾನುಲಿ ಎಂದರೆ ಎಷ್ಟು ದೊಡ್ಡದು? ಸಾಮಾನ್ಯವಾಗಿ 100 ವ್ಯಾಟ್, ಹಿಂದೆ ಮನೆಯಲ್ಲಿ ಉರಿಯುತ್ತಿದ್ದ ಹಳದಿ ಬಲ್ಬಿನಷ್ಟು. ಹತ್ತು-ಹದಿನೈದು ಕಿಲೋಮೀಟರ್ ಕೇಳಿದರೆ ಹೆಚ್ಚು. ಮಣಿಪಾಲದಿಂದ ಹೊರಟ ದನಿಗೆ ಉಡುಪಿ, ಮಲ್ಪೆ ಸಲೀಸು, ಕಾಪು ಅಂಚಿನಲ್ಲಿ, ಕಾರ್ಕಳ ಲೆಕ್ಕದ ಹೊರಗೆ. ಆದರೆ ಈ ಸಣ್ಣತನವೇ ಅದರ ಶಕ್ತಿ. ಮಾತಾಡುವವರು ಯಾರು, ಯಾರ ಮನೆಯವರು ಎಂದು ಕೇಳುವವರಿಗೆ ಗೊತ್ತಿರುತ್ತದೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಯಾವುದರಲ್ಲಿ ಬಾಯಿಗೆ ಬರುತ್ತದೋ ಅದರಲ್ಲೇ ಮಾತಾಡಬಹುದು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರು ಸೇರಿಯೇ ತಯಾರಾಗಬೇಕು ಎಂದು ನಿಯಮವೇ ಹೇಳುತ್ತದೆ.

ಇಷ್ಟೆಲ್ಲ ಸರಿ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲು ಉಂಟು ಮಾರಾಯ್ರೆ.

1995ರಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಸಿಕ್ಕಿತು. ಜೊತೆಗೇ ಒಂದು ಷರತ್ತು: ಸುದ್ದಿ, ಪ್ರಚಲಿತ ವಿದ್ಯಮಾನ ಮತ್ತು ರಾಜಕೀಯ ಸ್ವರೂಪದ ಕಾರ್ಯಕ್ರಮ ಬೇಡ. ಆಮೇಲೆ ಆಕಾಶವಾಣಿಯ ವಾರ್ತೆಯನ್ನು ಅಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು ಎಂದಾಯಿತು. ಅಂದರೆ ದೆಹಲಿಯ ಸುದ್ದಿ ಹೇಳಬಹುದು. ನಮ್ಮ ವಾರ್ಡಿನ ಸುದ್ದಿ ಹೇಳುವ ಹಾಗಿಲ್ಲ.

ಇದು ದಿನನಿತ್ಯದಲ್ಲಿ ಹೇಗಿರುತ್ತದೆ ನೋಡಿ. ಉಡುಪಿ ನಗರಕ್ಕೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಏಪ್ರಿಲ್-ಮೇಯಲ್ಲಿ ‘ನಾಳೆ ನೀರು ಬರುವುದಿಲ್ಲ’ ಎಂದರೆ ಅದು ಸಾರ್ವಜನಿಕ ಪ್ರಕಟಣೆ. ‘ಯಾಕೆ ಬರುವುದಿಲ್ಲ, ಹೂಳು ತೆಗೆಸಬೇಕಾದವರು ಎಲ್ಲಿ?’ ಎಂದು ಒಬ್ಬರು ಅಕ್ಕ ಮೈಕಿನಲ್ಲಿ ಕೇಳಿದರೆ? ಅಲ್ಲಿಗೆ ರಾಜಕೀಯ ಶುರು. ಕಾಪು ಬದಿಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಬಗ್ಗೆ ಊರವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2022ರಲ್ಲಿ 52 ಕೋಟಿ ರೂಪಾಯಿ ಕಟ್ಟುವಂತೆ ಆದೇಶವಾಯಿತು. ಕಾರ್ಕಳದ ಬೈಲೂರಿನಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮನ ಮೂರ್ತಿ ಕಂಚಿನದ್ದಾ ಅಲ್ವಾ ಎಂಬುದು ಪೊಲೀಸ್ ಠಾಣೆ, ಕೋರ್ಟಿನವರೆಗೆ ಹೋಯಿತು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಇದೇ ಮಾತು. ಊರಿನ ರೇಡಿಯೋ ಮಾತ್ರ ಮುಟ್ಟುವ ಹಾಗಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕೊರಗರ ವಿಷಯ. ಅವರ ಡೋಲಿನ ಸದ್ದು ನಮಗೆಲ್ಲ ಇಷ್ಟ. ಕಂಬಳಕ್ಕೆ, ಮೆರವಣಿಗೆಗೆ, ಕಾಲೇಜಿನ ‘ಟ್ರೆಡಿಷನಲ್ ಡೇ’ಗೆ ಬೇಕೇ ಬೇಕು. ರೇಡಿಯೋದಲ್ಲಿ ಅರ್ಧ ಗಂಟೆ ಡೋಲು ಕೇಳಿಸಿದರೆ ಅದು ಜಾನಪದ, ಯಾರ ಆಕ್ಷೇಪವೂ ಇಲ್ಲ. ಆದರೆ ಡೋಲು ಬಾರಿಸುವ ಕೆಲಸ ಅವರ ಪಾಲಿಗೆ ಹೇಗೆ ಬಂತು? ಕರೆದಲ್ಲಿಗೆ ಹೋಗಿ ಬಾರಿಸಲೇಬೇಕು, ಹೊರಗೇ ನಿಲ್ಲಬೇಕು, ಕೊಟ್ಟದ್ದನ್ನು ತಿನ್ನಬೇಕು ಎಂಬ ಕಟ್ಟಳೆ ಇತ್ತು. ಇನ್ನೊಬ್ಬರ ರೋಗ, ದೋಷ ಹೋಗಲಿ ಎಂದು ಕೂದಲು, ಉಗುರು ಸೇರಿಸಿದ ಅನ್ನವನ್ನು ಅವರಿಗೆ ತಿನ್ನಿಸುವ ‘ಅಜಲು’ ಪದ್ಧತಿಯೂ ಇತ್ತು. ಅದನ್ನು ನಿಷೇಧಿಸಲು ರಾಜ್ಯ ಸರ್ಕಾರ ಕಾನೂನು ಮಾಡಿದ್ದು 2000ದಲ್ಲಿ. ನಿಮ್ಮಲ್ಲಿ ಹಲವರು ಆಗ ಹುಟ್ಟಿದ್ದಿರಿ! ಕುಟುಂಬಕ್ಕೆ ಎರಡೂವರೆ ಎಕರೆ ಜಮೀನು ಕೊಡಬೇಕೆಂದು ಡಾ. ಮೊಹಮ್ಮದ್ ಪೀರ್ ವರದಿ 1990ರ ದಶಕದಲ್ಲೇ ಹೇಳಿದೆ. ಪ್ರತಿ ವರ್ಷ ಆಗಸ್ಟ್ 18ರಂದು ಕೊರಗರು ಆಚರಿಸುವ ಭೂಮಿ ಹಬ್ಬ ಈ ಬೇಡಿಕೆಯನ್ನು ನೆನಪಿಸುತ್ತದೆ. ಈಗ ಹೇಳಿ, ಡೋಲು ಬಾರಿಸಿದ ಅದೇ ಕಲಾವಿದರು ಮೈಕಿನ ಮುಂದೆ ‘ನಮ್ಮ ಜಾಗದ ಹಕ್ಕುಪತ್ರ ಎಲ್ಲಿ?’ ಎಂದು ಕೇಳಿದರೆ ಅದು ಸಂಸ್ಕೃತಿಯಾ, ರಾಜಕೀಯವಾ? ಕಲೆಯನ್ನು ಒಳಗೆ ಕರೆದು ಕಲಾವಿದನ ಬದುಕನ್ನು ಹೊರಗೆ ನಿಲ್ಲಿಸುವುದಾದರೆ, ಹಳೆಯ ಅಂಗಳದ ಕ್ರಮಕ್ಕೂ ಇದಕ್ಕೂ ವ್ಯತ್ಯಾಸ ಎಂತದ್ದು?

ನಿಯಮದ ಹಿಂದಿನ ಹೆದರಿಕೆ ಸುಳ್ಳು ಎನ್ನುವುದಿಲ್ಲ. ನಮ್ಮ ಕರಾವಳಿ ಸೂಕ್ಷ್ಮ. ಮೈಕು ಯಾವುದಾದರೂ ಪಕ್ಷದ ಕೈಗೆ ಸಿಕ್ಕಿದರೆ, ಒಂದು ಸುಳ್ಳು ಹತ್ತು ಊರಿಗೆ ಕ್ಷಣದಲ್ಲಿ ತಲುಪಿದರೆ ಎಂಬ ಆತಂಕ ನಿಜವೇ. ಆದರೆ ಮಾತು ನಿಲ್ಲಿಸಿದ್ದರಿಂದ ಶಾಂತಿ ಉಳಿಯಿತಾ? 2022ರ ಫೆಬ್ರವರಿ ನೆನಪಿಸಿಕೊಳ್ಳಿ. ಹಿಜಾಬ್ ವಿಷಯದಲ್ಲಿ ಉಡುಪಿ ದೇಶದ ಟಿವಿಗಳಲ್ಲೆಲ್ಲ ಇತ್ತು. ಕಾಲೇಜಿನ ಗೇಟಿನ ಎದುರು ಕ್ಯಾಮೆರಾಗಳ ಸಾಲು. ನಮ್ಮ ಮಕ್ಕಳ ಬಗ್ಗೆ ದೆಹಲಿ, ನೊಯ್ಡಾದ ಸ್ಟುಡಿಯೋಗಳಲ್ಲಿ ಕೂಗಾಟ. ಟಿವಿಗೆ ಸುದ್ದಿ ಮಾಡಲು ಅಡ್ಡಿ ಇಲ್ಲ, ಯೂಟ್ಯೂಬಿಗೂ ಇಲ್ಲ. ನಾಳೆ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಒಬ್ಬರಿಗೊಬ್ಬರು ಮುಖ ತೋರಿಸಬೇಕಾದವರು ತಗ್ಗಿದ ದನಿಯಲ್ಲಿ ಮಾತಾಡಬಹುದಾದ ಜಾಗಕ್ಕೆ ಮಾತ್ರ ಬೀಗ.

ಹಾಗಂತ ಕೈಕಟ್ಟಿ ಕೂತವರಷ್ಟೇ ಇಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ, ಪರವಾನಗಿಯ ದಾರಿಯೇ ಇಲ್ಲದಿದ್ದಾಗ, ‘ನಮ್ಮ ಧ್ವನಿ’ ತಂಡ ಕೇಬಲ್ ಎಳೆದು ಮನೆಗಳಿಗೆ ದನಿ ಮುಟ್ಟಿಸಿತು. ಬೀದರ್ ಗಡಿಯಾಚೆ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ ‘ಸಂಗಂ ರೇಡಿಯೋ’ ನಡೆಸುತ್ತಾ ಬಂದರು. ಅವರು ಮಾತಾಡಿದ್ದು ಬೀಜ, ರಾಗಿ-ಜೋಳ, ಕೂಲಿ, ಆರೋಗ್ಯದ ಬಗ್ಗೆ. ಪಕ್ಷದ ಹೆಸರು ಬೇಕಾಗಲಿಲ್ಲ, ಬದುಕಿನ ರಾಜಕೀಯ ಅದರಲ್ಲೇ ಇತ್ತು.

ನಾವು ಎಂತ ಮಾಡಬಹುದು? ಮೊದಲು ಕೇಳುಗರಾಗಿ. ಹಲವು ಸಮುದಾಯ ಬಾನುಲಿಗಳು ಈಗ ಫೋನಿನಲ್ಲೂ ಸಿಗುತ್ತವೆ, ಬೆಂಗಳೂರಿನ ಪಿಜಿಯಲ್ಲಿ ಕೂತೂ ಕೇಳಬಹುದು. ಎರಡನೆಯದು, ಈಗಿನ ನಿಯಮದೊಳಗೇ ಮಾತಿಗೆ ಜಾಗ ಇದೆ. ನೀವು ವಕೀಲರಾದರೆ ಅಜಲು ನಿಷೇಧ ಕಾನೂನನ್ನು ತುಳುವಿನಲ್ಲಿ ವಿವರಿಸಿ. ಎಂಜಿನಿಯರ್ ಆದರೆ ಬಜೆಯ ನೀರಿನ ಲೆಕ್ಕ ಹೇಳಿ. ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕು, ಅಲ್ಲಿ ಪ್ರಶ್ನೆ ಕೇಳುವುದು ಹೇಗೆಂದು ತಿಳಿಸಿ. ಇದೆಲ್ಲ ಮಾಹಿತಿ, ಯಾರೂ ಬೇಡ ಎನ್ನಲಾರರು. ಡೋಲಿನ ಕಾರ್ಯಕ್ರಮ ಮಾಡುವವರು ಕೊನೆಯ ಹತ್ತು ನಿಮಿಷವನ್ನು ಬಾರಿಸಿದವರ ಮಾತಿಗೇ ಬಿಡಿ. ಮೂರನೆಯದು, ಆ ಒಂದು ಸಾಲು ಬದಲಾಗಬೇಕೆಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಬರೆಯಿರಿ, ನಿಮ್ಮ ಸಂಸದರನ್ನೂ ಕೇಳಿ. ಪಕ್ಷದ ಪ್ರಚಾರ ಬೇಡ, ಒಪ್ಪೋಣ. ಪಂಚಾಯತಿನ ಚರಂಡಿ, ಕೊರಗರ ಜಮೀನು, ಊರಿನ ನೀರು ಯಾವ ಪಕ್ಷದ್ದೂ ಅಲ್ಲವಲ್ಲ.

ಮುಂದಿನ ಸಲ ಊರಿಗೆ ಬಂದಾಗ 90.4ಕ್ಕೆ ತಿರುಗಿಸಿ ನೋಡಿ. ನಿಮ್ಮ ವಾರ್ಡಿನ ಯಾವ ಮಾತು ಅಲ್ಲಿ ಕೇಳಿಸಬೇಕಿತ್ತು, ಕೇಳಿಸುತ್ತಿಲ್ಲ? ಬರೆದು ಕಳಿಸಿ.