ಮಕ್ಕಳ ರಜೆಗೆ ಬಾಡಿಗೆಯ ಮಲೆನಾಡು

ಶಾಲೆಯ ವಾರ್ಷಿಕ ಪರೀಕ್ಷೆಗಳು ಮುಗಿಯುತ್ತಿದ್ದಂತೆ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಪ್ರತಿವರ್ಷವೂ ಒಂದೇ ಪ್ರಶ್ನೆ ಏಳುತ್ತದೆ. ಈ ಸಲ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ರಜೆಯೆಂದರೆ ಊರು, ಊರೆಂದರೆ ಅಜ್ಜಿಯ ಮನೆ. ಮುಂಬಯಿಯಿಂದ ಕರಾವಳಿಗೆ ಹೊರಡುವ ಬಸ್ಸಿನಲ್ಲಿ, ಉಪ್ಪಿನಕಾಯಿ ತುಂಬಿಸಿ ತರಲು ಒಯ್ದ ಖಾಲಿ ಭರಣಿಯ ಸಮೇತ, ಇಡೀ ಸಂಸಾರ ಹೊರಟುಬಿಡುತ್ತಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಆ ಪ್ರಯಾಣ ಸುಗಮವಾಯಿತು. ಆದರೆ ದಾರಿ ಸುಗಮವಾದ ಕಾಲಕ್ಕೇ ದಾರಿಯ ಕೊನೆಯಲ್ಲಿದ್ದ ಮನೆಗಳು ಒಂದೊಂದಾಗಿ ಬೀಗ ಹಾಕಿಸಿಕೊಂಡವು. ಕೆಲವು ಪಾಲಾದವು, ಕೆಲವು ಪರರ ಕೈಸೇರಿದವು. ಇನ್ನು ಕೆಲವದರಲ್ಲಿ ಒಬ್ಬಳೇ ಅಜ್ಜಿ, ಅಕ್ಕಪಕ್ಕದವರ ಆಸರೆಯಲ್ಲಿ, ದೀಪ ಹಚ್ಚಿಕೊಂಡಿದ್ದಾಳೆ.

ಆ ತೆರವಾದ ಜಾಗಕ್ಕೆ ಇಂದು ಹಳ್ಳಿಗಾಡಿನ ವಸತಿಗೃಹಗಳು ಬಂದಿವೆ. ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಸ್ಥಾಪನೆಯಾದಾಗ ಕಾಡಿನಂಚಿನ ವಸತಿಯೆಂದರೆ ಸಿರಿವಂತರ ಮತ್ತು ವಿದೇಶೀಯರ ವಿಷಯವೆಂಬ ಭಾವನೆಯಿತ್ತು. ಈಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ರೆಸಾರ್ಟು, ಹೋಂಸ್ಟೇ ಎಂಬ ಫಲಕಗಳಿಲ್ಲದ ತಿರುವೇ ವಿರಳ. ಸಾಮಾನ್ಯ ಸಂಬಳದ ಕುಟುಂಬವೂ ಎರಡು ಚಿಕ್ಕ ಮಕ್ಕಳೊಡನೆ ಮೂರು ರಾತ್ರಿ ಅಲ್ಲಿ ತಂಗಿ ಬರುತ್ತದೆ. ಇದು ಒಳಿತೇ, ಕೆಡುಕೇ ಎಂಬುದನ್ನು ಸಮಾಧಾನದಿಂದ ವಿಚಾರಿಸಬೇಕಾಗಿದೆ.

ಹಳೆಯ ರಜೆಯ ಬರೆಯದ ಖರ್ಚು

ಹಿರಿಯರ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದೇ. ಊರಿನಲ್ಲಿ ನಮ್ಮವರೆಂಬವರು ಇರುವಾಗ ದುಡ್ಡು ತೆತ್ತು ಪರರ ಮನೆಯಲ್ಲಿ ಮಲಗುವುದೇ? ನೀರುದೋಸೆಗೂ ಬಿಲ್ಲು ಕೊಡುವ ಕಾಲ ಬಂತೇ? ಈ ಮಾತಿನಲ್ಲಿ ನೋವಿದೆ. ಆ ನೋವಿಗೆ ಕಾರಣವೂ ಇದೆ. ಆದರೆ ಹಳೆಯ ರಜೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ತೆರೆದು ನೋಡಿದರೆ, ಯಾರೂ ಬರೆದಿಡದ ಒಂದು ಖರ್ಚು ಅದರಲ್ಲಿ ಕಾಣುತ್ತದೆ. ಇಪ್ಪತ್ತು ಮಂದಿ ಸೇರಿದ ಆ ಮನೆಯಲ್ಲಿ ರಜೆ ಇದ್ದುದು ಯಾರಿಗೆ? ಮಕ್ಕಳಿಗೆ ಮತ್ತು ಗಂಡಸರಿಗೆ. ಬೆಳಗಿನ ತಿಂಡಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಒಲೆಯ ಹೊಗೆಯಲ್ಲಿ ನಿಂತವಳು ಅಜ್ಜಿ. ಅವಳ ಪಕ್ಕದಲ್ಲಿ ಸೊಸೆ. ಹನ್ನೊಂದು ತಿಂಗಳು ಲೋಕಲ್ ರೈಲಿಗೂ ಅಡಿಗೆಮನೆಗೂ ನಡುವೆ ಓಡಾಡಿದ ಆಕೆಗೆ ಹನ್ನೆರಡನೆಯ ತಿಂಗಳಲ್ಲಿ ದೊರೆಯುತ್ತಿದ್ದುದು ಇನ್ನೂ ದೊಡ್ಡದೊಂದು ಅಡಿಗೆಮನೆ. ಅಜ್ಜಿಯ ಮನೆಯ ಸವಿನೆನಪುಗಳನ್ನು ಬರೆದವರಲ್ಲಿ ಹೆಚ್ಚಿನವರು ಪಂಕ್ತಿಯಲ್ಲಿ ಕುಳಿತು ಉಂಡವರೇ ಹೊರತು ಬಡಿಸಿದವರಲ್ಲ.

ಆದ್ದರಿಂದ, ಮನೆಯ ತಾಯಿಗೆ ವರ್ಷದಲ್ಲಿ ಮೂರು ದಿನ ಬೇರೆಯವರು ಬೇಯಿಸಿದ ಬಿಸಿ ಅನ್ನ ದೊರೆಯುವುದಾದರೆ ಅದನ್ನು ದುಂದುವೆಚ್ಚವೆಂದು ಕರೆಯುವುದು ನ್ಯಾಯವಲ್ಲ. ವಸತಿಗೃಹದ ಪರವಾಗಿ ಹೇಳಬಹುದಾದ ಮೊದಲ ಮಾತು ಇದೇ. ಎರಡನೆಯದು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದುದು. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಒಂದರಿಂದ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ಓಡಾಟ, ಆಟಪಾಟ ಬೇಕು. ಎರಡರಿಂದ ನಾಲ್ಕು ವರ್ಷದವರು ಪರದೆಯ ಮುಂದೆ ಕೂರುವ ಹೊತ್ತು ಒಂದು ಗಂಟೆಯನ್ನು ಮೀರಬಾರದು. ದಿನಕ್ಕೆ ಸುಮಾರು ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ತಲೆದೋರುವ ಸಂಭವ ಕಡಿಮೆಯೆಂಬುದು ನೇತ್ರವೈದ್ಯರ ಅಭಿಪ್ರಾಯ. ಎರಡು ಕೋಣೆಯ ಫ್ಲಾಟಿನಲ್ಲಿ ಈ ಎರಡೂ ಸುಲಭಸಾಧ್ಯವಲ್ಲ. ತೋಟದ ಅಂಗಳದಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಯೇ ಇಲ್ಲ.

ಬಾಡಿಗೆಗೆ ಸಿಗದ ವಸ್ತು

ಆದರೆ ಇಷ್ಟಕ್ಕೇ ಮಾತು ಮುಗಿಯಲಿಲ್ಲ. ವಸತಿಗೃಹಕ್ಕೆ ಹೋದ ಅನೇಕ ಕುಟುಂಬಗಳ ದಿನಚರಿಯನ್ನು ಗಮನಿಸಿದರೆ ನಗರವೇ ಅವರ ಬೆನ್ನು ಹತ್ತಿ ಬಂದಂತೆ ತೋರುತ್ತದೆ. ಮೊದಲ ದಿನ ಜಲಪಾತ, ಎರಡನೆಯ ದಿನ ಎರಡು ದೇವಸ್ಥಾನ ಮತ್ತು ಆನೆ ಶಿಬಿರ, ಮೂರನೆಯ ದಿನ ಸೂರ್ಯೋದಯಕ್ಕೆಂದು ನಾಲ್ಕು ಗಂಟೆಗೆ ಎಬ್ಬಿಸಿದ ಮಗುವಿನ ಅಳು. ಉಳಿದ ಹೊತ್ತಿನಲ್ಲಿ ಅಪ್ಪ ಮೊಬೈಲಿಗೆ ಸಂಕೇತ ಸಿಗುವ ಮೂಲೆಯನ್ನು ಹುಡುಕುತ್ತಾನೆ. ಮಕ್ಕಳಿಗೆ ಇನ್ನೊಂದು ಮೊಬೈಲು. ಐದು ವರ್ಷದ ಮಗುವಿಗೆ ಜೋಗವೂ ಒಂದೇ, ಅಂಗಳದ ನಲ್ಲಿಯೂ ಒಂದೇ. ಅದಕ್ಕೆ ಬೇಕಾದುದು ನೀರಿನಲ್ಲಿ ಕೈಯಾಡಿಸಲು ಅನುಮತಿ ಮತ್ತು ಅವಸರಪಡಿಸದ ಒಬ್ಬ ಹಿರಿಯರು. ಒಂದೇ ಕಡೆ ಮೂರು ರಾತ್ರಿ ತಂಗಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಸ್ಥಳ ನೋಡದಿರುವುದೇ ಚಿಕ್ಕ ಮಕ್ಕಳ ಪ್ರವಾಸದ ಉತ್ತಮ ನಿಯಮ.

ಭಾಷೆಯ ಮಾತೂ ಇದೆ. ಕರ್ನಾಟಕಕ್ಕೆ ಹೋದರೆ ಮಕ್ಕಳ ಕಿವಿಗೆ ನಾಲ್ಕು ದಿನ ಕನ್ನಡ ಬೀಳುತ್ತದೆಂಬ ಆಸೆಯಿಂದ ಹೊರಟವರು ಕೆಲವೊಮ್ಮೆ ನಿರಾಶರಾಗುತ್ತಾರೆ. ಕಾಫಿ ತೋಟಗಳಲ್ಲೂ ವಸತಿಗೃಹಗಳಲ್ಲೂ ಇಂದು ಅಸ್ಸಾಂ, ಜಾರ್ಖಂಡ್ ಮೊದಲಾದ ಕಡೆಗಳಿಂದ ಬಂದ ಕೆಲಸಗಾರರು ಅನೇಕರಿದ್ದಾರೆ. ಬಡಿಸುವ ಹುಡುಗನೊಡನೆ ಮಗು ಹಿಂದಿಯಲ್ಲೇ ಮಾತನಾಡುತ್ತದೆ, ಮುಂಬಯಿಯಲ್ಲಿ ಮಾತನಾಡುವಂತೆಯೇ. ಅವನನ್ನು ದೂರುವಂತಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವನ ಕಷ್ಟವೇನೆಂಬುದು ಹೊರನಾಡ ಕನ್ನಡಿಗರಿಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು? ತಿಳಿಯಬೇಕಾದುದು ಇಷ್ಟೇ: ಕೋಣೆ ಬಾಡಿಗೆಗೆ ಸಿಗುತ್ತದೆ, ಹಸಿರು ಬಾಡಿಗೆಗೆ ಸಿಗುತ್ತದೆ, ಊರಿನ ಮಾತು ಸಿಗುವುದಿಲ್ಲ. ಅದನ್ನು ಜೊತೆಯಲ್ಲೇ ಒಯ್ಯಬೇಕು.

ಹೇಗೆ ಒಯ್ಯುವುದು? ಅಜ್ಜಿಯನ್ನು ಕರೆದುಕೊಂಡು ಹೋಗುವುದರಿಂದ. ಹಳೆಯ ರಜೆಯಲ್ಲಿ ಬೆಲೆಯುಳ್ಳದ್ದಾಗಿದ್ದುದು ಹೆಂಚಿನ ಮನೆಯಲ್ಲ, ಅದರೊಳಗಿದ್ದ ಅಜ್ಜಿ. ಮನೆ ಮಾರಾಟವಾಗಿರಬಹುದು, ಮಾಡು ಸೋರುತ್ತಿರಬಹುದು. ಅಜ್ಜಿ ಇರುವವರೆಗೆ ಆ ರಜೆ ಪೂರ್ತಿ ಕಳೆದುಹೋದಂತಲ್ಲ. ಊರಿನಲ್ಲಿ ಒಬ್ಬಳೇ ಇರುವ ಅಜ್ಜಿಯನ್ನು ದಾರಿಯಲ್ಲಿ ಕರೆದುಕೊಂಡು, ನಗರದಲ್ಲಿ ಜೊತೆಗಿದ್ದರೆ ಅಲ್ಲಿಂದಲೇ ಕರೆದುಕೊಂಡು, ಆ ಮೂರು ರಾತ್ರಿಗೆ ಒಯ್ದರೆ ಎರಡು ಕೆಲಸಗಳಾಗುತ್ತವೆ. ಮಕ್ಕಳಿಗೆ ಕುಟುರ ಹಕ್ಕಿಯ ಕೂಗನ್ನೂ ಹಲಸಿನ ಬಕ್ಕೆ, ಬಿಳುವಗಳ ವ್ಯತ್ಯಾಸವನ್ನೂ ಕನ್ನಡದಲ್ಲೇ ಹೇಳಿಕೊಡುವವರು ದೊರೆಯುತ್ತಾರೆ. ಬಹುಶಃ ಜೀವಮಾನದಲ್ಲಿ ಮೊದಲ ಬಾರಿಗೆ, ಅಜ್ಜಿಗೂ ರಜೆ ದೊರೆಯುತ್ತದೆ.

ಲೆಕ್ಕದ ಮಾತು

ಇನ್ನು ಹಣದ ಮಾತು. ಪ್ರವಾಸಕ್ಕೆಂದೇ ಸಾಲ ಕೊಡುವ ಸಂಸ್ಥೆಗಳಿಗೆ ಇಂದು ಕೊರತೆಯಿಲ್ಲ. ರಜೆ ಮೂರು ದಿನಕ್ಕೆ ಮುಗಿಯುತ್ತದೆ. ಕಂತು ಮೂವತ್ತಾರು ತಿಂಗಳಾದರೂ ಮುಗಿಯದು. ಇದರ ಬದಲು ತಿಂಗಳಿಗೆ 2,000 ರೂಪಾಯಿಯಂತೆ, ಆರ್.ಡಿ. ಎಂದು ಎಲ್ಲರೂ ಕರೆಯುವ ಆವರ್ತ ಠೇವಣಿಯಲ್ಲಿ ಕಟ್ಟುತ್ತ ಬಂದರೆ ವರ್ಷದ ಕೊನೆಗೆ 24,000 ರೂಪಾಯಿ ಅಸಲೂ ಅದರ ಬಡ್ಡಿಯೂ ಕೈಗೆ ಬರುತ್ತವೆ. ಆ ಮೊತ್ತಕ್ಕೆ ಹೊಂದುವ ವಸತಿಯನ್ನು ಹುಡುಕುವುದೇ ಸರಿಯಾದ ಕ್ರಮ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ರೆಸಾರ್ಟಿನ ಹಾಸಿಗೆಗೂ ಅನ್ವಯಿಸುತ್ತದೆ. ಮಕ್ಕಳಿಗೆ ಎಷ್ಟನೆಯ ವಯಸ್ಸಿನಿಂದ ದರವಿದೆ, ಹೆಚ್ಚುವರಿ ಹಾಸಿಗೆಗೆಷ್ಟು, ಊಟ ಸೇರಿದೆಯೇ, ಪ್ರಯಾಣ ರದ್ದಾದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯುವುದು ಒಳ್ಳೆಯದು.

ನೌಕರಿಯಲ್ಲಿರುವವರಿಗೆ ದೊರೆಯುವ ರಜಾ ಪ್ರಯಾಣ ರಿಯಾಯತಿಯ ಮೇಲಿನ ತೆರಿಗೆ ವಿನಾಯಿತಿಯನ್ನು ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ನಾಲ್ಕು ವರ್ಷಗಳ ಒಂದು ಅವಧಿಯಲ್ಲಿ ಎರಡು ಪ್ರಯಾಣಗಳಿಗೆ ಪಡೆಯಬಹುದು. ಅದು ಪ್ರಯಾಣದರಕ್ಕೆ ಮಾತ್ರ, ಕೋಣೆಯ ಬಾಡಿಗೆಗಲ್ಲ. ಅನೇಕರು ಗಮನಿಸದ ಸಂಗತಿಯೊಂದಿದೆ. ಈ ವಿನಾಯಿತಿಯ ಮಟ್ಟಿಗೆ ಕುಟುಂಬವೆಂದರೆ ಪತಿ, ಪತ್ನಿ, ಮಕ್ಕಳಷ್ಟೇ ಅಲ್ಲ. ನೌಕರನನ್ನು ಅವಲಂಬಿಸಿರುವ ತಂದೆತಾಯಿಯರೂ ಅದರೊಳಗೆ ಬರುತ್ತಾರೆ. ಕಾನೂನು ಅಜ್ಜಿಯನ್ನು ಲೆಕ್ಕಕ್ಕೆ ಹಿಡಿದಿದೆ. ಮರೆತಿರುವವರು ಮನೆಯವರು.

ತಿಥಿಯ ವಿಷಯದಲ್ಲೂ ಮುಂದಾಲೋಚನೆ ಬೇಕು. ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮದ ಶಾಲೆಗಳು ಸಾಮಾನ್ಯವಾಗಿ ಜೂನ್ ಮಧ್ಯಕ್ಕೆ, ದೆಹಲಿಯವು ಜುಲೈ ಆರಂಭಕ್ಕೆ ತೆರೆದರೆ, ಕರ್ನಾಟಕದ ಶಾಲೆಗಳು ಮೇ ಕೊನೆಗೋ ಜೂನ್ ಮೊದಲಿಗೋ ತೆರೆದುಬಿಡುತ್ತವೆ. ಊರಿನ ಅಣ್ಣತಮ್ಮಂದಿರ ಮಕ್ಕಳೊಡನೆ ನಗರದ ಮಕ್ಕಳು ಕೂಡಿ ಆಡಬೇಕಾದರೆ ಮೇ ತಿಂಗಳೊಂದೇ ಗತಿ. ಜೂನ್ ಮೊದಲ ವಾರದ ಸುಮಾರಿಗೆ ಮಳೆಯೂ ಬರುತ್ತದೆ.

ಆರೋಗ್ಯದ ಎಚ್ಚರಿಕೆಗಳು

ಘಟ್ಟದ ತಿರುವುಗಳಲ್ಲಿ ವಾಂತಿಯಾಗುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಹೆಚ್ಚು. ಹೊರಡುವ ಮೊದಲು ಲಘು ಆಹಾರ ಕೊಟ್ಟು, ಪುಸ್ತಕ, ಮೊಬೈಲು ಮುಚ್ಚಿಸಿ, ದೂರದ ದೃಶ್ಯವನ್ನು ನೋಡುವಂತೆ ಕೂರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಕುದಿಸಿ ಆರಿಸಿದ ನೀರನ್ನೇ ಕುಡಿಸಬೇಕು. ಭೇದಿ ಆರಂಭವಾದರೆ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಆಗಾಗ ಕೊಡಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಇಲ್ಲಿ ಹೇಳಿದುದು ಚಹಾ ಚಮಚದ ಅಳತೆ.

ಈಜುಕೊಳದ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಸಲ್ಲದು. ಮುಳುಗುವ ಮಗು ಕೂಗಿಕೊಳ್ಳುತ್ತದೆಂಬುದು ತಪ್ಪು ತಿಳಿವಳಿಕೆ. ಹೆಚ್ಚಾಗಿ ಸದ್ದಿಲ್ಲದೆಯೇ ಕೆಲವೇ ನಿಮಿಷಗಳಲ್ಲಿ ಅನಾಹುತ ನಡೆದುಹೋಗುತ್ತದೆ. ಮಗು ನೀರಿನಲ್ಲಿರುವಷ್ಟು ಹೊತ್ತು ಒಬ್ಬ ಹಿರಿಯರು ಕೈಗೆಟುಕುವ ದೂರದಲ್ಲಿ, ಬೇರೆ ಯಾವ ಕೆಲಸವನ್ನೂ ಮಾಡದೆ ಇರಬೇಕು. ಹೊಳೆಯ ನೀರಿಗೆ ಸ್ಥಳೀಯರನ್ನು ಕೇಳದೆ ಇಳಿಯಬಾರದು.

ಮಳೆಗಾಲದ ಇಂಬಳಕ್ಕೆ ಹೆದರಬೇಕಾದುದಿಲ್ಲ. ಉಗುರಿನಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡದ ಕಾರಣ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೇ. ನಿಜವಾದ ಎಚ್ಚರಿಕೆ ಬೇಕಾದುದು ಬೇಸಿಗೆಯ ಉಣ್ಣೆಗೆ. ಮಲೆನಾಡಿನವರು ಅದನ್ನು ಉಣುಗು ಎನ್ನುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಇದರ ಹಾವಳಿ ಹೆಚ್ಚು. ಮಂಗಗಳು ಸತ್ತಿರುವ ಪ್ರದೇಶದ ಕಾಡಿಗೆ ಕಾಲಿಡಬಾರದು. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬಾರದು. ಸುತ್ತಾಡಿ ಬಂದೊಡನೆ ಬಟ್ಟೆ ಬದಲಿಸಿ, ಬಿಸಿನೀರಿನ ಸ್ನಾನ ಮಾಡಿಸಿ, ಮೈಯನ್ನು ಪರೀಕ್ಷಿಸಬೇಕು. ಇದೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಹಿಂದಿರುಗಿದ ಒಂದೆರಡು ವಾರಗಳಲ್ಲಿ ಯಾರಿಗಾದರೂ ತೀವ್ರ ಜ್ವರ ಬಂದರೆ, ಮಲೆನಾಡಿಗೆ ಹೋಗಿ ಬಂದ ಸಂಗತಿಯನ್ನು ಕೇಳದಿದ್ದರೂ ವೈದ್ಯರಿಗೆ ಹೇಳಬೇಕು. ದಾದರಿನಲ್ಲೋ ಕರೋಲ್‌ಬಾಗಿನಲ್ಲೋ ಕುಳಿತ ವೈದ್ಯರಿಗೆ ಕ್ಯಾಸನೂರು ತಾನಾಗಿಯೇ ನೆನಪಾಗದು. ಅಜ್ಜಿ ಜೊತೆಗಿದ್ದರೆ ಅವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಎರಡು ದಿನದಷ್ಟು ಹೆಚ್ಚಾಗಿಯೇ ಒಯ್ಯಬೇಕು. ಕೋಣೆ ನೆಲಮಾಳಿಗೆಯಲ್ಲಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕರ್ನಾಟಕದಲ್ಲಿ ತುರ್ತು ವಾಹನಕ್ಕೆ 108.

ಕೊನೆಯ ಮಾತು

ಅಜ್ಜಿ ಮೊದಲು ಒಪ್ಪುವುದಿಲ್ಲ. ನನಗೇಕೆ ಅದೆಲ್ಲ, ಮಕ್ಕಳು ಹೋಗಿ ಬರಲಿ ಎನ್ನುತ್ತಾಳೆ. ಕೋಣೆಯ ಬಾಡಿಗೆ ಕೇಳಿ ಬೆಚ್ಚುತ್ತಾಳೆ. ಅಲ್ಲಿಗೆ ಹೋದ ಮೇಲೂ ಮೊದಲ ಬೆಳಗ್ಗೆ ಅಭ್ಯಾಸಬಲದಿಂದ ಐದಕ್ಕೇ ಎದ್ದು, ಮಾಡಲು ಕೆಲಸವಿಲ್ಲದೆ ಜಗಲಿಯಲ್ಲಿ ಕುಳಿತಿರುತ್ತಾಳೆ. ಆಗ ನಿದ್ದೆ ಮುಗಿಸಿದ ಮೊಮ್ಮಗುವೊಂದು ಬಂದು ಪಕ್ಕದಲ್ಲಿ ಕುಳಿತು, ಅದೇನು ಕೂಗುತ್ತಿದೆ ಅಜ್ಜಿ ಎಂದು ಕೇಳುತ್ತದೆ. ಅವಳಿಗೆ ಗೊತ್ತಿರುತ್ತದೆ, ಹೇಳಲು ಹೊತ್ತೂ ಇರುತ್ತದೆ.

ಈ ಅವಕಾಶ ಎಷ್ಟು ವರ್ಷ ಉಳಿದಿರುತ್ತದೆಂಬುದನ್ನು ಯಾವ ಲೆಕ್ಕದ ಪುಸ್ತಕವೂ ಹೇಳದು. ಆದಕಾರಣ ಮುಂದಿನ ಮೇ ತಿಂಗಳಿಗೆ ಕೋಣೆಯನ್ನು ಕಾಯ್ದಿರಿಸುವವರು, ಹಿರಿಯರು ಇಬ್ಬರು, ಮಕ್ಕಳು ಇಬ್ಬರು ಎಂದು ಬರೆಯಿಸುವ ಮೊದಲು ಒಂದು ಕ್ಷಣ ತಡೆದು, ಇನ್ನೊಂದು ಹಾಸಿಗೆ ಬೇಕೆಂದು ಸೇರಿಸಲಿ.