ಸಣ್ಣ ಉದ್ಯಮಕ್ಕೊಂದು ಸರ್ವರ್: ವೆಚ್ಚವೆಷ್ಟು, ಹೊಣೆಯೆಷ್ಟು?

ಗಣಕ ಮತ್ತು ದೂರಸಂಪರ್ಕ ಉದ್ಯಮದ ಇತಿಹಾಸದಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೂ ಅದರ ಪೂರ್ವ ಭಾಗಕ್ಕೂ ವಿಶಿಷ್ಟ ಸ್ಥಾನವಿದೆ. 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ಕೃಷ್ಣರಾಜಪುರದ ಸಮೀಪದ ದೂರವಾಣಿನಗರಕ್ಕೆ ಹೆಸರು ತಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಮಿಲ್ಲರ್ಸ್ ರಸ್ತೆಯಲ್ಲಿ ತನ್ನ ಕಚೇರಿಯನ್ನು ತೆರೆಯಿತು. ಹಳೆ ಮದ್ರಾಸು ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರವಿದೆ. ದೇಶದ ವರ್ತಕರಲ್ಲಿ ಮನೆಮಾತಾಗಿರುವ ಟ್ಯಾಲಿ ತಂತ್ರಾಂಶವನ್ನು ರೂಪಿಸುವ ಕಂಪನಿಯೂ ಬೆಂಗಳೂರಿನದೇ ಆಗಿದೆ.

ಆದರೆ ಇದೇ ರಸ್ತೆಗಳ ಇಕ್ಕೆಲಗಳಲ್ಲಿ ವ್ಯಾಪಾರ ನಡೆಸುವ ನಮ್ಮ ವರ್ತಕ ಬಂಧುಗಳಲ್ಲಿ ಅನೇಕರ ಲೆಕ್ಕಪತ್ರಗಳು ಇಂದಿಗೂ ಗಲ್ಲಾದ ಪಕ್ಕದಲ್ಲಿರುವ ಒಂದೇ ಗಣಕಯಂತ್ರದಲ್ಲಿವೆ. ಅದರ ಏಕೈಕ ಪ್ರತಿ ಗುಮಾಸ್ತರ ಕಿಸೆಯಲ್ಲಿರುವ ಪೆನ್‌ಡ್ರೈವ್‌ನಲ್ಲಿದೆ. ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಯಜಮಾನರೇ ಇರಿಸಿಕೊಳ್ಳುತ್ತಿದ್ದ ಕಾಲದ ಎಚ್ಚರಿಕೆ, ಆ ಪುಸ್ತಕಗಳು ಗಣಕಕ್ಕೆ ವರ್ಗವಾದ ಮೇಲೆ ಮಾಯವಾದುದು ವಿಪರ್ಯಾಸವೇ ಸರಿ.

ಸರ್ವರ್ ಎಂದೊಡನೆ ಹವಾನಿಯಂತ್ರಿತ ಕೊಠಡಿ, ಎತ್ತರದ ಕಪಾಟು ಮತ್ತು ಲಕ್ಷಗಟ್ಟಲೆ ಹಣ ನೆನಪಿಗೆ ಬರುವುದು ಸಹಜ. ವಾಸ್ತವವಾಗಿ ಸರ್ವರ್ ಎಂದರೆ ಹಲವರು ಏಕಕಾಲದಲ್ಲಿ ಬಳಸುವ ದತ್ತಾಂಶವನ್ನು ಒಂದೆಡೆ ಇರಿಸಿ, ಕೇಳಿದವರಿಗೆ ಅವರ ಅಧಿಕಾರಕ್ಕೆ ತಕ್ಕಷ್ಟನ್ನು ಮಾತ್ರ ಒದಗಿಸುವ ಗಣಕಯಂತ್ರ, ಅಷ್ಟೆ. ಐದಾರು ಜನ ಕೆಲಸ ಮಾಡುವ ಅಂಗಡಿಗೆ ಅಥವಾ ಹದಿನೈದು ಜನರ ಕಾರ್ಖಾನೆಗೆ ಬೇಕಾದ ಸರ್ವರ್ ಇಂದು ಎರಡು ಬಿಲ್ ಪುಸ್ತಕಗಳಷ್ಟು ಜಾಗದಲ್ಲಿ ಕೂರುತ್ತದೆ. ಆದುದರಿಂದ ಅದು ನಮ್ಮ ಕೈಗೆ ಎಟಕುತ್ತದೆಯೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಹಣವನ್ನು ಯಾವುದಕ್ಕೆ ವೆಚ್ಚ ಮಾಡಬೇಕು ಎಂಬುದೇ ಪ್ರಶ್ನೆ. ದುಬಾರಿ ಯಂತ್ರಕ್ಕಿಂತ ದತ್ತಾಂಶದ ಪ್ರತಿಗಳಿಗೆ ಹಣ ಹಾಕುವುದೇ ಜಾಣತನ ಎಂಬುದು ಈ ಲೇಖನದ ನಿಲುವು.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ?

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಸ್ವೀಕರಿಸಿದ ಹಣದ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸುಗಳನ್ನು ನೀಡಿದ್ದು ಎಲ್ಲರಿಗೂ ನೆನಪಿರಬಹುದು. 2021-22ರಿಂದ 2024-25ರವರೆಗಿನ ಮೊತ್ತಗಳು ಆ ನೋಟಿಸುಗಳ ಆಧಾರವಾಗಿದ್ದವು. ತೆರಿಗೆ ವಿನಾಯಿತಿ ಇರುವ ಹಾಲು, ತರಕಾರಿಗಳನ್ನು ಮಾರುವವರಿಗೂ ಅವು ತಲುಪಿದವು. ವರ್ತಕರ ಪ್ರತಿಭಟನೆಯ ನಂತರ, ಅದೇ ತಿಂಗಳ 23ರಂದು ಮುಖ್ಯಮಂತ್ರಿಗಳು ಸಭೆ ನಡೆಸಿ ಹಳೆಯ ಬಾಕಿಯ ವಿಷಯದಲ್ಲಿ ರಿಯಾಯಿತಿಯ ಭರವಸೆಯನ್ನು ನೀಡಿದರು.

ಆ ಕ್ರಮದ ಸರಿತಪ್ಪುಗಳ ಚರ್ಚೆ ಬೇರೆ. ಅದರಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಬಂದ ಹಣದ ನಾಲ್ಕು ವರ್ಷಗಳ ಲೆಕ್ಕ ಇಲಾಖೆಯ ಕೈಯಲ್ಲಿತ್ತು. ಆ ಹಣದಲ್ಲಿ ವಿನಾಯಿತಿ ಸರಕಿನದೆಷ್ಟು, ತೆರಿಗೆಗೆ ಒಳಪಟ್ಟದ್ದೆಷ್ಟು, ಮನೆಯವರಿಂದ ಪಡೆದ ಕೈಸಾಲವೆಷ್ಟು ಎಂಬುದನ್ನು ತೋರಿಸಬಲ್ಲ ಲೆಕ್ಕ ವರ್ತಕರ ಬಳಿ ಮಾತ್ರ ಇರಲು ಸಾಧ್ಯ. ಅದನ್ನು ಉಳಿಸಿಕೊಂಡವರು ಉತ್ತರ ಕೊಡಬಲ್ಲರು. ಕಳೆದುಕೊಂಡವರು ಸರ್ಕಾರದ ಔದಾರ್ಯವನ್ನೇ ನೆಚ್ಚಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನ ಪ್ರಕಾರ, ನೋಂದಾಯಿತ ವರ್ತಕರು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಅಂದರೆ 2021-22ರ ಲೆಕ್ಕ 2028ರ ಡಿಸೆಂಬರ್‌ವರೆಗೆ ಕೈಗೆ ಸಿಗುವಂತಿರಬೇಕು. ಗಣಕದಲ್ಲಿ ಲೆಕ್ಕ ಇಡುವವರು ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ಮೂಲ ನಾಶವಾದರೂ ಸಮಂಜಸ ಅವಧಿಯಲ್ಲಿ ಪುನಃ ಪಡೆಯುವಂತೆ ಪ್ರತಿಯನ್ನು ಇರಿಸಬೇಕೆಂದು 57ನೇ ನಿಯಮ ವಿಧಿಸುತ್ತದೆ.

ಖಾಸಗಿ ನಿಯಮಿತ ಕಂಪನಿಗಳ ಹೊಣೆ ಇನ್ನೂ ಹೆಚ್ಚಿನದು. ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಅವು ಉಳಿಸಬೇಕು. 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯಂತೆ, ಗಣಕದಲ್ಲಿರುವ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದೊಳಗೆ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು. ಈ ಸೌಲಭ್ಯವನ್ನು ನಿಲ್ಲಿಸಲು ಆಗದಂತಿರಬೇಕು. ಲೆಕ್ಕಪರಿಶೋಧಕರು ಇದರ ಬಗ್ಗೆ ತಮ್ಮ ವರದಿಯಲ್ಲಿ ನಮೂದಿಸಲೇಬೇಕು. ‘ನಮ್ಮದು ಸಣ್ಣ ಕಂಪನಿ’ ಎಂಬ ಕಾರಣಕ್ಕೆ ಇದರಲ್ಲಿ ವಿನಾಯಿತಿ ಇಲ್ಲ.

ವೆಚ್ಚದ ಲೆಕ್ಕಾಚಾರ

ಈಗ ಅಂಕಿಗಳಿಗೆ ಬರೋಣ. ಕೆಳಗಿನ ಮೊತ್ತಗಳು ಉದಾಹರಣೆಗಾಗಿ ಹಿಡಿದವು. ಓದುಗರು ತಮಗೆ ದೊರೆತ ದರಪಟ್ಟಿಯನ್ನು ಈ ಚೌಕಟ್ಟಿನಲ್ಲಿ ಹಾಕಿ ನೋಡಬಹುದು.

ಎರಡು ಡಿಸ್ಕ್‌ಗಳ ಒಂದು ಸಣ್ಣ ಸರ್ವರ್, ಹೊರಗಿರಿಸಲು ಎರಡು ಪ್ರತ್ಯೇಕ ಡಿಸ್ಕ್‌ಗಳು ಮತ್ತು ಒಂದು ಯು.ಪಿ.ಎಸ್. ಸೇರಿ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದರ ಮೇಲಿನ ತೆರಿಗೆಯನ್ನು ಸಾಮಾನ್ಯ ನೋಂದಣಿಯವರು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಕಾಂಪೊಸಿಷನ್ ಯೋಜನೆಯವರಿಗೆ ಅದೂ ವೆಚ್ಚವೇ. ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯು ಮೇಜಿನ ಗಣಕ ಮತ್ತು ಲ್ಯಾಪ್‌ಟಾಪ್‌ಗಳಿಗೆ ಮೂರು ವರ್ಷ, ಸರ್ವರ್‌ಗೆ ಆರು ವರ್ಷ ಉಪಯುಕ್ತ ಆಯುಷ್ಯವನ್ನು ಗುರುತಿಸಿದೆ. ಆ ಲೆಕ್ಕದಲ್ಲಿ ವರ್ಷಕ್ಕೆ 10,000 ರೂಪಾಯಿ. ಇಂತಹ ಯಂತ್ರ ಸರಾಸರಿ 30 ವಾಟ್ ಬಳಸಿದರೆ ವರ್ಷಕ್ಕೆ ಸುಮಾರು 263 ಯೂನಿಟ್; ಯೂನಿಟ್‌ಗೆ 8 ರೂಪಾಯಿಯಂತೆ 2,100 ರೂಪಾಯಿ. ತಂತ್ರಜ್ಞರ ನಿರ್ವಹಣೆಗೆ ತಿಂಗಳಿಗೆ 500ರಂತೆ 6,000 ರೂಪಾಯಿ. ಒಟ್ಟು 18,100 ರೂಪಾಯಿ, ಅಂದರೆ ದಿನವೊಂದಕ್ಕೆ 50 ರೂಪಾಯಿಗೂ ಕಡಿಮೆ.

ಇನ್ನೊಂದು ಮಾರ್ಗ, ಅಂತರಜಾಲದ ಮೂಲಕ ಬಾಡಿಗೆಗೆ ದೊರೆಯುವ ‘ಕ್ಲೌಡ್’ ಸೇವೆ. ಒಬ್ಬ ಬಳಕೆದಾರರಿಗೆ ತಿಂಗಳಿಗೆ 500 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 6,000 ಆಗುತ್ತದೆ. ಇಬ್ಬರೇ ಇರುವ ಅಂಗಡಿಗೆ 12,000 ರೂಪಾಯಿ. ಅವರಿಗೆ ಬಾಡಿಗೆಯೇ ಲೇಸು. ಎಂಟು ಜನರಿರುವ ಕಾರ್ಖಾನೆಗೆ 48,000 ರೂಪಾಯಿ. ಅವರಿಗೆ ಸ್ವಂತ ಯಂತ್ರ ಲಾಭದಾಯಕ. ಈ ಅಂಕಿಗಳಂತೆ ಸಮತೋಲನದ ಬಿಂದು ಮೂವರು ಬಳಕೆದಾರರು. ಬಾಡಿಗೆ ಸೇವೆಯಲ್ಲಿ ಪರಿಣತರ ನಿಗಾ ಇರುತ್ತದೆ ಎಂಬುದು ನಿಜ. ಆದರೆ ಬಾಡಿಗೆ ನಿಂತ ದಿನ ಹಳೆಯ ಲೆಕ್ಕ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಕೇಳಿ, ಬರೆಸಿಕೊಳ್ಳಬೇಕು.

ಕಡಿಮೆ ಬೆಲೆಯ ಮೋಹ

ದೊಡ್ಡ ಕಂಪನಿಗಳು ಕೈಬಿಟ್ಟ ಹಳೆಯ ಸರ್ವರ್‌ಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ನೋಡಲು ಭರ್ಜರಿಯಾಗಿದ್ದರೂ ಅಂತಹ ಯಂತ್ರ 200 ವಾಟ್ ಬಳಸಿದರೆ ವರ್ಷಕ್ಕೆ 1,752 ಯೂನಿಟ್, ಅಂದರೆ 14,000 ರೂಪಾಯಿಗೂ ಮೇಲ್ಪಟ್ಟ ವಿದ್ಯುತ್ ವೆಚ್ಚ. ಖರೀದಿಯಲ್ಲಿ ಉಳಿದದ್ದು ವಿದ್ಯುತ್ ಬಿಲ್ಲಿನಲ್ಲಿ ಹೋಗುತ್ತದೆ. ಅದರ ಬದಲು ಕಚೇರಿಗಳಲ್ಲಿ ಬಳಸಿದ ಸಣ್ಣ ಮೇಜಿನ ಗಣಕವನ್ನು ಖಾತರಿಯೊಡನೆ ಕೊಂಡು, ಡಿಸ್ಕ್‌ಗಳನ್ನು ಮಾತ್ರ ಹೊಸದಾಗಿ ಹಾಕಿಸುವುದು ಉತ್ತಮ. ಲಿನಕ್ಸ್, ಸಾಂಬಾ, ಟ್ರೂನಾಸ್, ಓಪನ್‌ಮೀಡಿಯಾವಾಲ್ಟ್ ಮುಂತಾದ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಶುಲ್ಕ ತಪ್ಪಿಸಲು ನಕಲಿ ತಂತ್ರಾಂಶದ ಮೊರೆ ಹೋಗುವ ಅಗತ್ಯವೂ ಇಲ್ಲ.

ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಏಕಕಾಲಕ್ಕೆ ಬರೆಯಲ್ಪಡುವ ವ್ಯವಸ್ಥೆ ಇದ್ದರೆ ಪ್ರತಿ ಇದ್ದಂತೆಯೇ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ಒಂದು ಡಿಸ್ಕ್ ಕೆಟ್ಟರೆ ಮಾತ್ರ ಅದು ರಕ್ಷಣೆ. ಗುಮಾಸ್ತರು ಕೈತಪ್ಪಿ ಅಳಿಸಿದ ಲೆಕ್ಕ ಎರಡರಲ್ಲೂ ಅಳಿಯುತ್ತದೆ. ಬೆಂಕಿಯಲ್ಲಿ ಎರಡೂ ಒಟ್ಟಿಗೆ ಸುಡುತ್ತವೆ.

ಈ ಭೀತಿ ಕಾಲ್ಪನಿಕವಲ್ಲ. 2012ರ ಫೆಬ್ರವರಿಯಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳು ಭಸ್ಮವಾದವು. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅಗ್ನಿ ದುರಂತ ಒಂಬತ್ತು ಜೀವಗಳನ್ನು ಬಲಿ ತೆಗೆದುಕೊಂಡಿತು. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಮಹದೇವಪುರ ಮತ್ತು ಹೊರವರ್ತುಲ ರಸ್ತೆಯ ಭಾಗಗಳು ಜಲಾವೃತವಾದವು. ನೆಲಮಾಳಿಗೆಯಲ್ಲಿ, ಮೇಜಿನ ಕೆಳಗೆ ನೆಲದ ಮೇಲೆ ಇಟ್ಟ ಯಂತ್ರದ ಗತಿ ಇಂತಹ ದಿನ ಏನಾಗುವುದೆಂದು ಹೇಳಬೇಕಾಗಿಲ್ಲ.

ಮನೆಯೇ ಎರಡನೆಯ ಭಂಡಾರ

ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ ಎಂಬುದು ಗಣಕ ತಜ್ಞರ ಸರಳ ಸೂತ್ರ. ಸಣ್ಣ ವರ್ತಕರಿಗೆ ಆ ಬೇರೆ ಸ್ಥಳ ಅವರ ಮನೆಯೇ ಆಗಬಹುದು. ಅಂಗಡಿ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿದ್ದು ಮನೆ ಇಂದಿರಾನಗರದಲ್ಲಿದ್ದರೆ, ಮನೆಯಲ್ಲೊಂದು ಸಣ್ಣ ಸರ್ವರ್ ಇರಿಸಿ ರಾತ್ರಿ ವೇಳೆ ಅಂಗಡಿಯ ಲೆಕ್ಕ ತಾನಾಗಿಯೇ ಅಲ್ಲಿಗೆ ನಕಲಾಗುವಂತೆ ಮಾಡಬಹುದು. ಅದೇ ಯಂತ್ರ ಮನೆಯವರ ಛಾಯಾಚಿತ್ರ, ಆಸ್ತಿಪತ್ರ, ವಿಮಾಪತ್ರಗಳ ಪ್ರತಿಗಳನ್ನೂ ಕಾಪಾಡುತ್ತದೆ. ಆದರೆ ಶಿವಾಜಿನಗರ, ಹಲಸೂರುಗಳ ಹಳೆಯ ಬೀದಿಗಳಲ್ಲಿರುವಂತೆ ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಅದನ್ನು ಬೇರೆ ಸ್ಥಳವೆಂದು ಎಣಿಸಲಾಗದು. ಅಂತಹವರು ಬಂಧುಗಳ ಮನೆ, ಬ್ಯಾಂಕ್ ಲಾಕರ್ ಅಥವಾ ದೇಶದೊಳಗಿನ ಕ್ಲೌಡ್ ಸೇವೆಯನ್ನು ಆರಿಸಿಕೊಳ್ಳಬೇಕು.

ದೂರದಿಂದ ಲೆಕ್ಕ ನೋಡುವ ಆಸೆಯಿಂದ ಸರ್ವರ್ ಅನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಅಪಾಯಕರ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ತಲ್ಲಣಗೊಳಿಸಿದ ‘ವಾನ್ನಾಕ್ರೈ’ ದಾಳಿಗೆ ಪರಿಹಾರವಾದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು, ಹಾಕಿಕೊಳ್ಳದವರು ತೊಂದರೆಗೊಳಗಾದರು. 2022ರಲ್ಲಿ ‘ಡೆಡ್‌ಬೋಲ್ಟ್’ ಎಂಬ ದಾಳಿಯು ಅಂತರಜಾಲಕ್ಕೆ ತೆರೆದಿದ್ದ ಸಣ್ಣ ಸಂಗ್ರಹ ಯಂತ್ರಗಳನ್ನೇ ಗುರಿಯಾಗಿಸಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆದುದರಿಂದ ದೂರದ ಬಳಕೆ ವಿ.ಪಿ.ಎನ್. ಮೂಲಕ ಮಾತ್ರ ಇರಲಿ, ಮತ್ತು ಒಂದು ಪ್ರತಿಯಾದರೂ ತಂತಿಯಿಂದ ಬೇರ್ಪಟ್ಟು ಬೀರುವಿನಲ್ಲಿರಲಿ. ಇಂತಹ ದಾಳಿಯಾದರೆ ಅರಿವಿಗೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂಬ 2022ರ ಏಪ್ರಿಲ್ 28ರ ನಿರ್ದೇಶನವೂ ನೆನಪಿರಲಿ.

ಎಲ್ಲಕ್ಕಿಂತ ಮಿಗಿಲಾಗಿ, ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ. ಮೂರು ತಿಂಗಳಿಗೊಮ್ಮೆ, ಎರಡು ವರ್ಷ ಹಿಂದಿನ ಯಾವುದಾದರೊಂದು ಬಿಲ್ಲನ್ನು ಪ್ರತಿಯಿಂದ ಬೇರೊಂದು ಗಣಕದಲ್ಲಿ ಹೊರತೆಗೆದು ಮುದ್ರಿಸಿ, ದಿನಾಂಕ ಬರೆದು ಫೈಲಿನಲ್ಲಿಡಬೇಕು. ನಗದು ಎಣಿಕೆ, ದಾಸ್ತಾನು ಎಣಿಕೆಗಳಂತೆ ಇದೂ ಒಂದು ಎಣಿಕೆ. ಗುಪ್ತಪದಗಳು ಒಬ್ಬ ಉದ್ಯೋಗಿಯ ನೆನಪಿನಲ್ಲಿ ಮಾತ್ರ ಇರದೆ, ಮೊಹರು ಮಾಡಿದ ಲಕೋಟೆಯಲ್ಲಿ ಯಜಮಾನರ ವಶದಲ್ಲಿರಬೇಕು.

ಸಂಸ್ಥೆಯಿಂದ ನಿರೀಕ್ಷೆ

ಇಷ್ಟನ್ನೂ ಪ್ರತಿಯೊಬ್ಬ ವರ್ತಕರೂ ಒಂಟಿಯಾಗಿ ಮಾಡಬೇಕೆನ್ನುವುದು ನ್ಯಾಯವಲ್ಲ. ದರಪಟ್ಟಿ ತರುವ ಮಾರಾಟಗಾರರ ಮಾತಿನ ಸತ್ಯಾಸತ್ಯತೆಯನ್ನು ಅಳೆಯುವ ಸಾಧನ ಸಣ್ಣವರ ಬಳಿ ಇಲ್ಲ. ಇಲ್ಲಿ ನಮ್ಮ ಸಂಸ್ಥೆಯು ಮೂರು ಕೆಲಸಗಳನ್ನು ಮಾಡಬಹುದು. ಮೊದಲನೆಯದು, ಐದು, ಹತ್ತು ಮತ್ತು ಇಪ್ಪತ್ತು ಬಳಕೆದಾರರಿಗೆ ತಕ್ಕ ಮಾದರಿ ವಿವರಣಾಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸುವುದು. ಎರಡನೆಯದು, ಮಹದೇವಪುರ, ದೊಡ್ಡನೆಕ್ಕುಂದಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಅಕ್ಕಪಕ್ಕದ ಹತ್ತು ಘಟಕಗಳು ಸೇರಿ ಒಬ್ಬ ತಂತ್ರಜ್ಞರನ್ನು ಹಂಚಿಕೊಳ್ಳುವ ವ್ಯವಸ್ಥೆ. ಮೂರನೆಯದು, ವರ್ಷಕ್ಕೊಮ್ಮೆ ಸದಸ್ಯರು ತಮ್ಮ ಪ್ರತಿಗಳನ್ನು ತಂದು ಪರೀಕ್ಷಿಸಿಕೊಳ್ಳುವ ಶಿಬಿರ.

ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಇಂತಹ ಕೆಲಸಗಳು ಆಗುವುದಿಲ್ಲ. ಬಿಡುವಿನ ತಿಂಗಳೊಂದರಲ್ಲಿಯೇ ವಿವರಣಾಪಟ್ಟಿ ಸಿದ್ಧವಾಗಲಿ. ಅದಾಗುವವರೆಗೆ ಕಾಯದೆ, ಓದುಗರು ಈ ವಾರವೇ ಹೊಸ ಡಿಸ್ಕ್‌ವೊಂದನ್ನು ಕೊಂಡು, ಇರುವ ಲೆಕ್ಕದ ಪ್ರತಿಯನ್ನು ಅಂಗಡಿಯ ಹೊರಗೆ ಇರಿಸಲಿ. ಮುಂದೊಂದು ದಿನ ಇಲಾಖೆಯ ಪತ್ರ ಬಂದಾಗ ಉತ್ತರ ಕೊಡುವುದು ಆ ಡಿಸ್ಕಿನಲ್ಲಿರುವ ಲೆಕ್ಕವೇ.